ಖಾಲಿ ಪ್ಯಾಡ್‌ಗಳನ್ನು ಓದುವ ಕಸುಬು

ಗುಂಡಿ ಒತ್ತಿದರೆ ಕಾರಿನ ಬಾಗಿಲು ತೆರೆಯುವ ರಿಮೋಟ್ ಕೀ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದರೂ ಎರಡು ಬೇರೆ ಬೇರೆ ಕೆಲಸಗಳನ್ನು ಹೊತ್ತ ಉಪಕರಣವಾಗಿದೆ. ಒಂದು, 3 ವೋಲ್ಟ್‌ನ ನಾಣ್ಯದಾಕಾರದ ಬ್ಯಾಟರಿಯಿಂದ ನಡೆದು, ಭಾರತದಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್ ತರಂಗದಲ್ಲಿ ಬಾಗಿಲಿಗೆ ಆಜ್ಞೆ ಕಳುಹಿಸುವ ಪುಟ್ಟ ರೇಡಿಯೊ ಪ್ರಸಾರಕ. ಇನ್ನೊಂದು, ಬ್ಯಾಟರಿಯ ಹಂಗಿಲ್ಲದೆ, ಕಾರು ಹೊಮ್ಮಿಸುವ 125 ಕಿಲೋಹರ್ಟ್ಸ್ ಆಸುಪಾಸಿನ ಕಾಂತಕ್ಷೇತ್ರದಿಂದಲೇ ಶಕ್ತಿ ಪಡೆದು ತನ್ನ ಗುರುತನ್ನು ಹೇಳುವ ಟ್ರಾನ್ಸ್‌ಪಾಂಡರ್. ಆ ಗುರುತು ಸಿಗದಿದ್ದರೆ ಎಂಜಿನ್ ಚಾಲೂ ಆಗದಂತೆ ತಡೆಯುವ ಏರ್ಪಾಡಿಗೆ ಇಮ್ಮೊಬಿಲೈಸರ್ ಎಂದು ಹೆಸರು. ಬಾಗಿಲು ತೆರೆಯದ ಕೀಯಿಂದಲೂ ಕೆಲವೊಮ್ಮೆ ಎಂಜಿನ್ ಚಾಲೂ ಆಗುವುದಕ್ಕೆ ಈ ಎರಡು ಕೆಲಸಗಳು ಬೇರೆಬೇರೆಯಾಗಿರುವುದೇ ಕಾರಣ. ದುರಸ್ತಿಗಾರನ ವಿಚಾರಣೆಯೂ ಅಲ್ಲಿಂದಲೇ ಆರಂಭವಾಗುತ್ತದೆ.

ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಸಾಲಾಗಿರುವ ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಸೀಮೆಯಲ್ಲಿ ಈ ಉಪಕರಣ ಎದುರಿಸುವ ಪರೀಕ್ಷೆ ಒಳನಾಡಿನದಕ್ಕಿಂತ ಕಠಿಣವಾದದ್ದು. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬರುತ್ತದೆ. ಕುಂದಾಪುರ ಪೇಟೆಯನ್ನು ಮೂರು ಕಡೆಯಿಂದ ನೀರು ಸುತ್ತುವರಿದಿದೆ; ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ ಇದೆ. ತ್ರಾಸಿಯ ಅಲೆಗೆ ಇಳಿದವರ ಜೇಬಿನಲ್ಲಿ, ಮಳೆಗೆ ತೊಯ್ದ ಪ್ಯಾಂಟಿನೊಂದಿಗೆ ಬಟ್ಟೆ ಒಗೆಯುವ ಯಂತ್ರದಲ್ಲಿ, ಗಂಗೊಳ್ಳಿ ಬಂದರಿನ ಉಪ್ಪುಗಾಳಿಯಲ್ಲಿ ದಿನ ಕಳೆಯುವ ಕೀಗೆ ಬರಿಯ ನೀರಿಗಿಂತ ದೊಡ್ಡ ಶತ್ರು ಉಪ್ಪು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ನೀರು ಆರಿದರೂ ಆ ಲವಣ ಕೀಯೊಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆಯೇ ಉಳಿದು, ಮತ್ತೆ ತೇವ ತಗುಲಿದಾಗಲೆಲ್ಲ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ. ಬ್ಯಾಟರಿ ಒಳಗೇ ಇದ್ದರೆ ತಾಮ್ರವೂ ತವರವೂ ಕರಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತವೆ, ಹಸಿರು ಕಿಲುಬು ಕಟ್ಟುತ್ತದೆ. ಆದ್ದರಿಂದ ತೊಯ್ದ ಕೀಯನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಡುವ ಮನೆಮದ್ದು ಸಾಲದು. ಮೊದಲು ಬ್ಯಾಟರಿ ತೆಗೆದು, ಶುದ್ಧ ನೀರಿನಲ್ಲಿ ಉಪ್ಪನ್ನು ತೊಳೆದು, ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೇವವನ್ನು ಹೊರಡಿಸಬೇಕು.

ಕಿಲುಬು ಮುಂದುವರಿದಾಗ ಬಿಡಿಭಾಗಗಳ ತುದಿಗಳನ್ನೇ ತಿಂದುಹಾಕುತ್ತದೆ ಮತ್ತು ಬ್ರಶ್ ಆಡಿಸಿದೊಡನೆ ಅವು ಉದುರಿಹೋಗುತ್ತವೆ. ಎತ್ತರದಿಂದ ಬಿದ್ದ ಕೀಯಲ್ಲಿ, ಉಳಿದವುಗಳಿಗಿಂತ ಭಾರವಾದ ತಂತಿಸುರುಳಿ ಬೆಸುಗೆಯಿಂದ ಕಿತ್ತುಕೊಂಡು ಬರುವುದುಂಟು. ಹಿಂದೆ ಯಾರೋ ಅವಸರದಲ್ಲಿ ಬಿಸಿಗಾಳಿ ಹಾಯಿಸಿ ಹಾರಿಸಿಬಿಟ್ಟ ತುಣುಕುಗಳೂ ಇರುತ್ತವೆ. ಹೀಗೆ ಬಿಡಿಭಾಗ ಕಳಚಿ, ಅದನ್ನು ಹಿಡಿದಿದ್ದ ತಾಮ್ರದ ಪುಟ್ಟ ಚೌಕಗಳು, ಎಂದರೆ ಪ್ಯಾಡ್‌ಗಳು, ಬರಿದಾಗಿ ಉಳಿದ ಬೋರ್ಡನ್ನು ಮತ್ತೆ ಜೀವಂತಗೊಳಿಸುವುದು ಈ ಕಸುಬಿನ ಅತ್ಯಂತ ಕಷ್ಟದ ಭಾಗ. ಕೆಟ್ಟ ಬಿಡಿಭಾಗ ತನ್ನ ಬಗ್ಗೆ ಏನಾದರೂ ಹೇಳುತ್ತದೆ, ಆದರೆ ಇಲ್ಲದ ಬಿಡಿಭಾಗ ಏನನ್ನೂ ಹೇಳುವುದಿಲ್ಲ. ಅದರ ಪರವಾಗಿ ನೆರೆಹೊರೆಯೇ ಮಾತಾಡಬೇಕು.

ಮೊದಲ ಪ್ರಶ್ನೆ, ಅಲ್ಲಿ ನಿಜವಾಗಿಯೂ ಏನಾದರೂ ಇತ್ತೇ ಎಂಬುದು. ತಯಾರಕರು ಒಂದೇ ಬೋರ್ಡನ್ನು ಹಲವು ಮಾದರಿಗಳಿಗೆ ಬಳಸುವುದರಿಂದ ಕೆಲವು ಪ್ಯಾಡ್‌ಗಳನ್ನು ಕಾರ್ಖಾನೆಯಲ್ಲೇ ಬರಿದಾಗಿ ಬಿಟ್ಟಿರುತ್ತಾರೆ. ಭೂತಗನ್ನಡಿಯ ಕೆಳಗೆ ಅಂಥ ಪ್ಯಾಡ್ ಸಮತಟ್ಟಾಗಿ, ನುಣುಪಾಗಿ ಹೊಳೆಯುತ್ತದೆ. ಬಿಡಿಭಾಗ ಕಳಚಿದ ಪ್ಯಾಡಿನ ಮೇಲಾದರೋ ಬೆಸುಗೆಯ ಮುರಿದ ಅಂಚು, ಪಿಂಗಾಣಿಯ ಚೂರು, ಕಂದುಗಟ್ಟಿದ ಪೇಸ್ಟಿನ ಗುರುತು ಉಳಿದಿರುತ್ತದೆ. ಈ ಭೇದವನ್ನು ನೋಡದೆ ಖಾಲಿ ಕಂಡಲ್ಲೆಲ್ಲ ಏನನ್ನಾದರೂ ಕೂರಿಸುವುದು ದುರಸ್ತಿಯಲ್ಲ, ಹೊಸ ಹಾನಿ.

ಅಲ್ಲಿ ಇದ್ದದ್ದು ಯಾವ ಜಾತಿಯದು, ಅದರ ಮೌಲ್ಯವೆಷ್ಟು ಎಂಬುದು ಎರಡನೆಯ ಪ್ರಶ್ನೆ. ವಿದ್ಯುತ್ತಿಗೆ ತಡೆಯೊಡ್ಡುವ ರೆಸಿಸ್ಟರುಗಳ ಬೆನ್ನ ಮೇಲೆ, ಅವು ತೀರಾ ಸಣ್ಣವಲ್ಲದಿದ್ದರೆ, ಅಂಕಿಗಳಿರುತ್ತವೆ. 103 ಎಂದರೆ 10ರ ಮುಂದೆ ಮೂರು ಸೊನ್ನೆ, ಅಂದರೆ 10 ಕಿಲೋಓಮ್. ವಿದ್ಯುದಂಶವನ್ನು ಕೂಡಿಡುವ ಪಿಂಗಾಣಿ ಕೆಪ್ಯಾಸಿಟರುಗಳ ಮೇಲೆ ಸಾಮಾನ್ಯವಾಗಿ ಯಾವ ಬರಹವೂ ಇರುವುದಿಲ್ಲ. 1 ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲದ, ಸಾಸಿವೆ ಕಾಳಿಗಿಂತ ಸಣ್ಣದಾದ ಕಂದು ತುಣುಕು ಉದುರಿಹೋಯಿತೆಂದರೆ ಅದರ ಮೌಲ್ಯದ ನೇರ ದಾಖಲೆಯೂ ಅದರೊಂದಿಗೇ ಹೋದಂತೆ. ಆಗ ಮನೆಯ ಬೀರುವಿನಲ್ಲಿ ಬಳಸದೆ ಇಟ್ಟಿರುವ, ಕಾರು ಕೊಂಡಾಗ ಬಂದ ಎರಡನೆಯ ಕೀಯೇ ಮೊದಲ ಆಧಾರ. ಆದರೂ ಬೋರ್ಡಿನಲ್ಲಿ ಕೂತಿರುವ ಬಿಡಿಭಾಗವನ್ನು ಹಾಗೆಯೇ ಅಳೆದರೆ ಪಕ್ಕದ ದಾರಿಗಳೂ ಅಳತೆಯಲ್ಲಿ ಸೇರಿ ತಪ್ಪು ಉತ್ತರ ಬರುತ್ತದೆ, ಬಿಡಿಸಿ ಅಳೆಯಹೋದರೆ ನಡೆಯುತ್ತಿರುವ ಒಂದೇ ಕೀಯೂ ಕೈತಪ್ಪುವ ಭಯವಿದೆ. ಅದೇ ನಮೂನೆಯ ಸಂಖ್ಯೆಯುಳ್ಳ ಗುಜರಿ ಬೋರ್ಡೊಂದನ್ನು ಹುಡುಕಿ ಅದರಿಂದ ಬಿಡಿಸಿ ಅಳೆಯುವುದೇ ವಿವೇಕ.

ಗುಜರಿ ಬೋರ್ಡೂ ಸಿಗದಿದ್ದಾಗ ಉಳಿಯುವ ದಾರಿ ತರ್ಕದ್ದು. ಅದಕ್ಕೊಂದು ಹೋಲಿಕೆ ಹತ್ತಿರದಲ್ಲೇ ಇದೆ. ಇದೇ ಸೀಮೆಯ ಬ್ರಹ್ಮಾವರ ತಾಲ್ಲೂಕಿನ ಬಾರಕೂರು ಆಳುಪ ಅರಸರ ರಾಜಧಾನಿಯಾಗಿ ಶಾಸನಗಳಿಗೆ ಹೆಸರಾದ ಊರು. ಸವೆದ ಶಾಸನದಲ್ಲಿ ಅಕ್ಷರ ಹೋದ ಜಾಗವನ್ನು ಶಾಸನತಜ್ಞರು ಅಳೆದು, ಹಿಂದುಮುಂದಿನ ಪದಗಳನ್ನೂ ಆ ಕಾಲದ ಶಾಸನಗಳ ವಾಡಿಕೆಯ ಒಕ್ಕಣೆಯನ್ನೂ ನೋಡಿ, ಊಹಿಸಿದ ಅಕ್ಷರವನ್ನು ಚೌಕ ಆವರಣದೊಳಗೆ ಬರೆಯುತ್ತಾರೆ. ಬೋರ್ಡಿನ ಓದೂ ಅದೇ ಶಿಸ್ತಿನದು. ಚಿಪ್ಪಿನ ಹೆಸರು ಓದಲು ಬಂದರೆ, ಚಿಪ್ ತಯಾರಕರು ಪ್ರಕಟಿಸುವ ತಾಂತ್ರಿಕ ಪತ್ರದಲ್ಲಿನ ಮಾದರಿ ಸರ್ಕ್ಯೂಟ್ ವಾಡಿಕೆಯ ಒಕ್ಕಣೆಯ ಸ್ಥಾನದಲ್ಲಿ ನಿಲ್ಲುತ್ತದೆ. ಬ್ಯಾಟರಿಯ ಎರಡು ಧ್ರುವಗಳ ನಡುವಿನ ಖಾಲಿ ಜಾಗ ಸಾಮಾನ್ಯವಾಗಿ ವಿದ್ಯುತ್ತಿನ ಏರಿಳಿತವನ್ನು ಸರಿದೂಗಿಸುವ ಕೆಪ್ಯಾಸಿಟರಿನದು. ಅಲ್ಲಿ ಮೌಲ್ಯ ತುಸು ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಸಣ್ಣ ದೀಪದ ದಾರಿಯಲ್ಲಿನ ರೆಸಿಸ್ಟರ್ ಇಲ್ಲದಿದ್ದರೆ ದೀಪ ಉರಿಯುವುದಿಲ್ಲ, ಅಷ್ಟೇ.

ಕೆಲವು ಸ್ಥಾನಗಳಲ್ಲಿ ಲೆಕ್ಕವೇ ಉತ್ತರ ಹೇಳುತ್ತದೆ. ಕೀಯನ್ನು ಜೇಬಿನಿಂದ ತೆಗೆಯದೆಯೇ ಬಾಗಿಲು ತೆರೆಯುವ ಕಾರುಗಳಲ್ಲಿ 125 ಕಿಲೋಹರ್ಟ್ಸ್ ಸಂಕೇತವನ್ನು ಹಿಡಿಯುವ ಸುರುಳಿಯೊಂದಿಗೆ ಕೆಪ್ಯಾಸಿಟರೊಂದು ಜೋಡಿಯಾಗಿರುತ್ತದೆ, ಮತ್ತು ಅವೆರಡೂ ಸೇರಿ ಆ ತರಂಗಕ್ಕೆ ಶ್ರುತಿಗೊಂಡಿರಬೇಕು. ಸುರುಳಿ 7.2 ಮಿಲಿಹೆನ್ರಿಯದಾದರೆ ಕೆಪ್ಯಾಸಿಟರ್ ಸುಮಾರು 225 ಪಿಕೊಫ್ಯಾರಡ್‌ನದಾಗಿರಬೇಕೆಂದು ಕಾಗದದ ಮೇಲೆಯೇ ಗೊತ್ತಾಗುತ್ತದೆ. ಹಾಗೆಯೇ, ಪ್ರಸಾರಕಕ್ಕೆ ತಾಳ ಕೊಡುವ ಕ್ರಿಸ್ಟಲ್ ಒಡೆದುಹೋಗಿದ್ದು, ತನ್ನ ಪ್ರಸಾರಕ ಕ್ರಿಸ್ಟಲಿನ ಕಂಪನವನ್ನು 32 ಪಟ್ಟು ಮಾಡುವುದೆಂದು ಚಿಪ್ಪಿನ ಪತ್ರ ಹೇಳಿದರೆ, ಬೇಕಾದದ್ದು 13.56 ಮೆಗಾಹರ್ಟ್ಸ್ ಕ್ರಿಸ್ಟಲೇ. ಆಂಟೆನಾದ ಬಳಿ ಮಾತ್ರ ಇಂಥ ಸುಲಭ ಲೆಕ್ಕ ನಡೆಯುವುದಿಲ್ಲ. 433.92 ಮೆಗಾಹರ್ಟ್ಸ್‌ನ ತರಂಗ 69 ಸೆಂಟಿಮೀಟರ್ ಉದ್ದವಿದ್ದು, ಬೋರ್ಡಿನ ಅಂಚಿನ ತಾಮ್ರದ ಗೆರೆ ಅದರ ಮುಂದೆ ತೀರಾ ಗಿಡ್ಡವಾದುದರಿಂದ, ಕೆಲವೇ ಪಿಕೊಫ್ಯಾರಡ್‌ಗಳ ಕೆಪ್ಯಾಸಿಟರಿನಿಂದ ಅದನ್ನು ಶ್ರುತಿಗೊಳಿಸಿರುತ್ತಾರೆ. ಅಲ್ಲಿ ಒಂದು ಪಿಕೊಫ್ಯಾರಡ್ ತಪ್ಪಿದರೂ ಅಂಗಳದಾಚೆಯಿಂದ ತೆರೆಯುತ್ತಿದ್ದ ಕಾರು ಬಾಗಿಲ ಬಳಿಗೆ ಹೋಗದೆ ತೆರೆಯದಂತಾಗಬಹುದು. ಇಲ್ಲಿ ಮೌಲ್ಯಗಳನ್ನು ಒಂದೊಂದಾಗಿ ಬದಲಿಸಿ, ಪ್ರಸಾರದ ಬಲವನ್ನು ಅಳೆಯುತ್ತ ಹೋಗುವ ತಾಳ್ಮೆಯೇ ಬಂಡವಾಳ.

ಬೆಸುಗೆಯ ಕೆಲಸ ಮೊಬೈಲ್ ದುರಸ್ತಿ ಬಲ್ಲವರಿಗೆ ಹೊಸದಲ್ಲ. ಸೀಸ ಸೇರಿದ ಹಳೆಯ ಬೆಸುಗೆ ಸುಮಾರು 183 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ, ಈಗಿನ ಸೀಸರಹಿತ ಬೆಸುಗೆಗೆ 217 ಡಿಗ್ರಿಗಿಂತ ಹೆಚ್ಚು ಬೇಕು. ಅವಸರದ ಕಾವಿಗೆ ಪಿಂಗಾಣಿ ಕೆಪ್ಯಾಸಿಟರ್ ಕಾಣದಂತೆ ಸೀಳುತ್ತದೆ, ಪ್ಯಾಡೇ ಎದ್ದುಬಂದರೆ ಕೂದಲೆಳೆಯಂಥ ತಂತಿಯಿಂದ ಜಂಪರ್ ಎಳೆಯಬೇಕಾಗುತ್ತದೆ. ಕೊನೆಗೆ ಗುಂಡಿ ಒತ್ತದೆ ಇರುವಾಗ ಬೋರ್ಡ್ ಎಳೆಯುವ ವಿದ್ಯುತ್ತನ್ನು ಅಳೆಯುವುದು ಕಡ್ಡಾಯ. ಸುಮಾರು 220 ಮಿಲಿಆಂಪಿಯರ್-ಗಂಟೆಯ ಸಿಆರ್2032 ಬ್ಯಾಟರಿಯಿಂದ ಬರಿಯ 1 ಮಿಲಿಆಂಪಿಯರ್ ಸೋರಿದರೂ ಅದು ಒಂಬತ್ತು ದಿನಗಳಲ್ಲಿ ಬರಿದಾಗುತ್ತದೆ.

ಇಷ್ಟೆಲ್ಲ ಶ್ರಮ ಏಕೆಂದರೆ, ಕಾರು ಕೇಳುವ ಗುರುತು ಇರುವುದು ಮೂಲ ಚಿಪ್ಪಿನಲ್ಲಿ. ಆ ಚಿಪ್ ಉಳಿದಿದ್ದರೆ ಕಾರಿಗೆ ಹೊಸ ಕೀಯನ್ನು ಪರಿಚಯಿಸುವ ಖರ್ಚೂ ಓಡಾಟವೂ ತಪ್ಪುತ್ತವೆ. ಚಿಪ್ಪೇ ಸತ್ತಿದ್ದರೆ ಯಾವ ಬೆಸುಗೆಯೂ ಅದನ್ನು ತರಲಾರದು. ಆಗ ವಾಹನದ ನೋಂದಣಿ ಪತ್ರದೊಂದಿಗೆ ಅಧಿಕೃತ ದಾರಿಯನ್ನೇ ಹಿಡಿಯಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ 2022ರ ಜುಲೈಯಲ್ಲಿ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರ್ 24ರಂದು ಪೋರ್ಟಲ್ ತೆರೆದಾಗ ಆಯ್ದ ನಾಲ್ಕು ಕ್ಷೇತ್ರಗಳಲ್ಲಿ ವಾಹನಗಳೂ ಸೇರಿದ್ದವು. ಆದರೂ ಕೀಯೊಳಗಿನ ಬೋರ್ಡಿನ ನಕ್ಷೆ ಸಾಮಾನ್ಯವಾಗಿ ದುರಸ್ತಿಗಾರರ ಕೈಗೆ ಸಿಗುವುದಿಲ್ಲ. ಕೆಪ್ಯಾಸಿಟರುಗಳ ಮೌಲ್ಯವನ್ನು ಹೇಳುವುದರಿಂದ ಕಾರಿನ ಭದ್ರತೆಗೆ ಯಾವ ಕುಂದೂ ಬರುವುದಿಲ್ಲ, ಏಕೆಂದರೆ ಗುಟ್ಟಿರುವುದು ಚಿಪ್ಪಿನೊಳಗಿನ ಸಂಕೇತದಲ್ಲಿ; ಆ ಪಟ್ಟಿಯನ್ನು ತಯಾರಕರು ಪ್ರಕಟಿಸುವುದು ನ್ಯಾಯ. ಅಲ್ಲಿಯವರೆಗೆ ದುರಸ್ತಿಗಾರನು ಯಾವ ಜಾಗದಲ್ಲಿ ಏನನ್ನು ಊಹಿಸಿ ಕೂರಿಸಿದನೆಂಬ ಚೀಟಿಯನ್ನು ಕೀಯೊಂದಿಗೆ ಕೊಟ್ಟರೆ, ಮುಂದೆ ಅದನ್ನು ಬಿಚ್ಚುವವನಿಗೆ ಅದೇ ಚೌಕ ಆವರಣವಾಗುತ್ತದೆ.

ಕೀ ಹಿಂದಿರುಗಿಸುವಾಗ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕದ್ದು ಕೇಳಿದ ಸಂಕೇತವನ್ನು ಮರುಬಳಸಲಾಗದಂತೆ, ಪ್ರತಿ ಒತ್ತಿಗೂ ಸಂಕೇತ ಬದಲಾಗುವ ಪದ್ಧತಿಗೆ ಉರುಳು ಸಂಕೇತವೆನ್ನಬಹುದು. ದಕ್ಷಿಣ ಆಫ್ರಿಕಾದಲ್ಲಿ 1980ರ ದಶಕದಲ್ಲಿ ರೂಪುಗೊಂಡು, 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿಯ ಕೈಸೇರಿದ ಕೀಲಾಕ್ ಅಂಥದೊಂದು ಪದ್ಧತಿ. ಅದರ ವಾಡಿಕೆಯ ಏರ್ಪಾಡಿನಲ್ಲಿ ಕಾರು ತಾನು ಕೊನೆಯದಾಗಿ ಕೇಳಿದ ಸಂಕೇತದಿಂದ ಮುಂದಿನ 16 ಒತ್ತುಗಳವರೆಗೆ ಒಡನೆ ಒಪ್ಪುತ್ತದೆ. ಎಣಿಕೆ ಅದನ್ನು ಮೀರಿದ್ದರೆ ಒಂದರ ಹಿಂದೊಂದು ಬರುವ ಎರಡು ಸಂಕೇತಗಳನ್ನು ಕೇಳಿದ ಮೇಲೆಯೇ ಒಪ್ಪುತ್ತದೆ. ಮೇಜಿನ ಮೇಲೆ ಪರೀಕ್ಷೆಗಾಗಿ ಹತ್ತಾರು ಬಾರಿ ಒತ್ತಿದ ಇಂಥ ಕೀಗೆ ಹೊರಗೆ ನಿಂತ ಕಾರು ಮೊದಲ ಒತ್ತಿನಲ್ಲಿ ಓಗೊಡದಿದ್ದರೆ, ಬೋರ್ಡನ್ನು ಮತ್ತೆ ಬಿಚ್ಚುವ ಮೊದಲು ಗುಂಡಿಯನ್ನು ಇನ್ನೊಮ್ಮೆ ಒತ್ತಿ ನೋಡಬೇಕು.