ಕಾರಿನ ಎತ್ತರಕ್ಕೆ ಕಾರಣ ಯಾವುದು?

ಕಾರು ಹಳೆಯದಾದಂತೆ ಅದರ ಮೈ ನೆಲದ ಕಡೆಗೆ ಇಳಿಯುವುದುಂಟು. ಆಗ ಷಾಕ್ ಅಬ್ಸಾರ್ಬರು ಕೆಟ್ಟಿತೆಂದು ಹಲವರು ತೀರ್ಮಾನಿಸುತ್ತಾರೆ. ಹೊಸದನ್ನು ಹಾಕಿಸಿದ ಮೇಲೂ ಕಾರು ಮೇಲೇಳದಿದ್ದರೆ ಹಣವೂ ಹೋಗಿ ಸಂಶಯವೂ ಉಳಿಯುತ್ತದೆ. ಇದು ಯಂತ್ರಶಾಸ್ತ್ರದ ಪ್ರಶ್ನೆಯಾದರೂ ಇತಿಹಾಸವು ಇಲ್ಲಿ ಸಾಕ್ಷ್ಯ ನುಡಿಯಬಲ್ಲುದು.

ಮೊದಲು ತತ್ತ್ವವನ್ನು ನೋಡೋಣ. ಸ್ಪ್ರಿಂಗು ತನ್ನ ಮೇಲಿನ ಭಾರಕ್ಕೆ ಅನುಗುಣವಾಗಿ ಕುಗ್ಗುತ್ತದೆ. ಈ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದನು. ಒಂದು ಸೆಂಟಿಮೀಟರು ಕುಗ್ಗಲು 20 ಕಿಲೋಗ್ರಾಂ ಭಾರವನ್ನು ಬೇಡುವ ಸ್ಪ್ರಿಂಗಿನ ಮೇಲೆ 300 ಕಿಲೋಗ್ರಾಂ ಇಟ್ಟರೆ ಅದು 15 ಸೆಂಟಿಮೀಟರು ಕುಗ್ಗಿ ನಿಲ್ಲುತ್ತದೆ. ಇನ್ನು 60 ಕಿಲೋಗ್ರಾಂ ಸೇರಿದರೆ ಮತ್ತೆ 3 ಸೆಂಟಿಮೀಟರು ಇಳಿಯುತ್ತದೆ. ಎತ್ತರವನ್ನು ನಿರ್ಧರಿಸುವುದು ಈ ಲೆಕ್ಕವೇ. ಷಾಕ್ ಅಬ್ಸಾರ್ಬರಿನ ಸ್ವಭಾವ ಬೇರೆ. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹಾಯುವಾಗ ಮಾತ್ರ ಪ್ರತಿರೋಧ ಹುಟ್ಟುತ್ತದೆ. ನಿಂತ ಕಾರಿನಲ್ಲಿ ಎಣ್ಣೆಗೆ ಚಲನೆಯಿಲ್ಲ. ಆದುದರಿಂದ ಅದು ಭಾರವನ್ನು ಹೊರುವುದಿಲ್ಲ. ಸ್ಪ್ರಿಂಗಿನ ತೂಗಾಟವನ್ನು ಅಡಗಿಸಿ, ಚಕ್ರವು ನೆಲವನ್ನು ಬಿಡದಂತೆ ಕಾಯುವುದೇ ಅದರ ಕಾರ್ಯ. ಒತ್ತಡದ ಅನಿಲ ತುಂಬಿದ ಬಗೆ ಮಾತ್ರ ತನ್ನ ದಂಡವನ್ನು ಹೊರಕ್ಕೆ ತಳ್ಳಿ ಕಾರನ್ನು ಅಲ್ಪವಾಗಿ ಎತ್ತುತ್ತದೆ.

ಇನ್ನು ಇತಿಹಾಸದ ಸಾಕ್ಷ್ಯ. 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಒಬಡಯಾ ಎಲಿಯಟ್ ಅಂಡಾಕಾರದ ಪಟ್ಟಿ ಸ್ಪ್ರಿಂಗಿಗೆ ಪೇಟೆಂಟು ಪಡೆದನು. ಅಲ್ಲಿಂದ ಸುಮಾರು ನೂರು ವರ್ಷ ಸಾರೋಟುಗಳು ಷಾಕ್ ಅಬ್ಸಾರ್ಬರಿಲ್ಲದೆಯೇ ತಮ್ಮ ಎತ್ತರದಲ್ಲಿ ನಿಂತವು. ಪಟ್ಟಿಗಳ ಪರಸ್ಪರ ಘರ್ಷಣೆಯೇ ತೂಗಾಟವನ್ನು ತಕ್ಕಮಟ್ಟಿಗೆ ತಡೆಯುತ್ತಿತ್ತು. ಮೋಟಾರಿನ ವೇಗಕ್ಕೆ ಅದು ಸಾಲದಾದಾಗ, 20ನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನ ಟ್ರುಫೋ, ಅಮೆರಿಕದ ಹಾರ್ಟ್‌ಫರ್ಡ್ ಇವರ ಘರ್ಷಣಸಾಧನಗಳು ಬಳಕೆಗೆ ಬಂದವು. ಅವು ಹುಟ್ಟಿದ್ದು ತೂಗಾಟಕ್ಕೆ ಮದ್ದಾಗಿ, ಎತ್ತರಕ್ಕೆ ಆಧಾರವಾಗಿ ಅಲ್ಲ.

ಹಾಗಾದರೆ ಗೊಂದಲವೇಕೆ? 1950ರ ದಶಕದ ಆದಿಯಲ್ಲಿ ಫೋರ್ಡ್ ಕಾರುಗಳ ಮೂಲಕ ಪ್ರಸಿದ್ಧವಾದ ಮ್ಯಾಕ್‌ಫರ್ಸನ್ ರಚನೆಯಲ್ಲಿ ಸ್ಪ್ರಿಂಗು ಷಾಕ್ ಅಬ್ಸಾರ್ಬರನ್ನು ಸುತ್ತಿಕೊಂಡೇ ಇರುತ್ತದೆ. ಎರಡನ್ನೂ ಒಟ್ಟಿಗೆ ಬದಲಾಯಿಸಿ, ಕಾರು ಮೇಲೆದ್ದರೆ, ಕೀರ್ತಿ ತಪ್ಪಾದ ಕಡೆಗೆ ಸಲ್ಲುತ್ತದೆ. ಒಟ್ಟಿಗೆ ನಡೆದ ಎರಡು ಸಂಗತಿಗಳಲ್ಲಿ ಕಾರಣವಲ್ಲದ್ದನ್ನು ಕಾರಣವೆಂದು ಭಾವಿಸುವ ಈ ಭ್ರಮೆ ಇತಿಹಾಸದ ವಿದ್ಯಾರ್ಥಿಗೆ ಹೊಸದಲ್ಲ. 1955ರ ಸಿಟ್ರೊಯೆನ್ ಡಿ.ಎಸ್. ಕಾರಿನಲ್ಲಿಯೂ ಎರಡು ಕಾರ್ಯಗಳು ಒಂದೇ ಗೋಳದಲ್ಲಿ ಕೂಡಿದ್ದವು. ಆದರೂ ಅವು ಬೇರೆಬೇರೆಯೇ. ಗೋಳದೊಳಗಿನ ನೈಟ್ರೋಜನ್ ಅನಿಲವೇ ಸ್ಪ್ರಿಂಗು. ಎತ್ತರವನ್ನು ಕಾಯ್ದದ್ದು ಹೆಚ್ಚು ಕಡಿಮೆಯಾಗುವ ದ್ರವದ ಪ್ರಮಾಣ. ತೂಗಾಟವನ್ನು ತಡೆದದ್ದು ಗೋಳದ ಬಾಯಲ್ಲಿದ್ದ ಕವಾಟ.

ವಿವೇಚನೆಗೆ ಎರಡು ಪರೀಕ್ಷೆಗಳು ಸಾಕು. ಸಮನೆಲದಲ್ಲಿ ಖಾಲಿ ಕಾರನ್ನು ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಬೇಕು. ತಯಾರಕರು ಹೇಳಿದುದಕ್ಕಿಂತ ಕಡಿಮೆಯಿದ್ದರೆ ಮೊದಲು ಸ್ಪ್ರಿಂಗನ್ನು ಶಂಕಿಸಬೇಕು. ಕಾರಿನ ಮೂಲೆಯನ್ನು ಒತ್ತಿ ಬಿಟ್ಟಾಗ ಅದು ಮತ್ತೆ ಮತ್ತೆ ಕುಣಿದರೆ ದೋಷ ಷಾಕ್ ಅಬ್ಸಾರ್ಬರಿನದು. ಎರಡನೆಯದನ್ನು ಎತ್ತರ ಸರಿಯಿದೆಯೆಂದು ಅಲಕ್ಷಿಸಲಾಗದು. ಕುಣಿಯುವ ಚಕ್ರಕ್ಕೆ ಬ್ರೇಕು ಹಿಡಿದರೂ ನೆಲದ ಹಿಡಿತ ಸಾಲದು. ಅಲ್ಲಿ ಹೋಗುವುದು ಹಣವಲ್ಲ, ಪ್ರಾಣ.