ಕಡಲಾಚೆಯ ಹಳೆಯ ಬಂದೂಕು: ಹಣ ಕೊಡುವ ಮುನ್ನ

ಹೋದ ತಿಂಗಳು ನಮ್ಮ ಹಿರಿಯ ಸದಸ್ಯರೊಬ್ಬರು ಅಡಿಕೆಯ ಲೆಕ್ಕ ಕೇಳಲು ಕಾರ್ಯಾಲಯಕ್ಕೆ ಬಂದಿದ್ದರು. ಎದ್ದು ಹೊರಡುವಾಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಸೇನೆಯ ಹಳೆಯ .303 ರೈಫಲ್ಲು. ಅದರ ಉಕ್ಕಿನ ಮೇಲೆ ಕಿರೀಟದ ಮುದ್ರೆ, ಕೆಳಗೆ ಜಿ.ಆರ್.ಐ., ಇಶಾಪುರ, 1942. ಅಮೆರಿಕದಲ್ಲಿ ಕೆಲಸದಲ್ಲಿರುವ ಮಗ ಅಲ್ಲಿನ ಅಂಗಡಿಯೊಂದರಲ್ಲಿ ಕಂಡು ಕಳಿಸಿದ್ದಂತೆ.

"ನಮ್ಮ ಅಪ್ಪಯ್ಯ ಬರ್ಮಾದ ಯುದ್ಧದಲ್ಲಿ ಹೊತ್ತದ್ದು ಇಂಥದನ್ನೇ. ಮಗನದು ಉದ್ಯೋಗದ ವೀಸಾ. ಅದಕ್ಕೇ ಸ್ನೇಹಿತನ ಹೆಸರಿನಲ್ಲಿ ಕೊಳ್ಳುತ್ತೇನೆ ಅನ್ನುತ್ತಾನೆ. ಮನೆಗೆ ತರಿಸಬಹುದೇ, ಸೆಕ್ರೆಟರಿಗಳೇ?" ಎಂದರು. ಆಗಲೇ ಉತ್ತರ ಹೇಳಲು ನಮಗೆ ಧೈರ್ಯ ಬರಲಿಲ್ಲ. ಸದಸ್ಯರ ಮಕ್ಕಳು ಅನೇಕರು ಹೊರದೇಶಗಳಲ್ಲಿ ಇರುವುದರಿಂದ, ವಿಚಾರಿಸಿ ತಿಳಿದದ್ದನ್ನು ಎಲ್ಲರ ಮುಂದೆ ಇಡುತ್ತಿದ್ದೇವೆ.

ಇಶಾಪುರವು ಕಲ್ಕತ್ತೆಯ ಬಳಿ ಹೂಗ್ಲಿ ದಡದಲ್ಲಿದೆ. ಅಲ್ಲಿ ತಯಾರಾದ ರೈಫಲ್ಲು ಅಮೆರಿಕದ ಅಂಗಡಿ ಸೇರಿದ್ದು ಹೇಗೆ? ಎರಡನೇ ಮಹಾಯುದ್ಧದ ನಂತರ ಅನೇಕ ಸರ್ಕಾರಗಳು ಬೇಡವಾದ ಬಂದೂಕುಗಳನ್ನು ರಾಶಿ ರಾಶಿಯಾಗಿ ವ್ಯಾಪಾರಿಗಳಿಗೆ ಮಾರಿದವು. ಅಮೆರಿಕದಲ್ಲಿ ಅವು ಅಂಚೆಯ ಮೂಲಕವೂ ಮನೆ ಬಾಗಿಲಿಗೆ ಬರುತ್ತಿದ್ದವು. 1963ರಲ್ಲಿ ಅಧ್ಯಕ್ಷ ಕೆನಡಿಯವರನ್ನು ಕೊಂದದ್ದು ಅಂಚೆಯಲ್ಲಿ ತರಿಸಿದ ಇಟಲಿ ಸೇನೆಯ ಇಂಥದೇ ಹಳೆಯ ರೈಫಲ್ಲು. ದೂರದರ್ಶಕ ಸಹಿತ ಅದರ ಬೆಲೆ 19.95 ಡಾಲರ್. 1968ರ ಶಾಸನ ಅಂಚೆ ಮಾರಾಟಕ್ಕೂ ಸೇನಾ ಬಂದೂಕುಗಳ ಆಮದಿಗೂ ತಡೆ ಹಾಕಿತು. 1984ರ ತಿದ್ದುಪಡಿಯಿಂದ ಸಂಗ್ರಹಯೋಗ್ಯ ಹಳೆಯ ಬಂದೂಕುಗಳಿಗೆ ಮತ್ತೆ ಬಾಗಿಲು ತೆರೆಯಿತು. ಅದೂ ಮುಚ್ಚಳಿಕೆಗಳೊಡನೆ: ಆಮದಿಗೆ ಸರ್ಕಾರದ ಅನುಮತಿ ಮೊದಲೇ ಬೇಕು, ಆಮದುದಾರನ ಹೆಸರನ್ನು ಬಂದೂಕಿನ ಮೇಲೆ ಕೊರೆಯಬೇಕು. ಸಾಮಾನ್ಯವಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ಬಂದೂಕು ಈ ವರ್ಗಕ್ಕೆ ಸೇರುತ್ತದೆ.

ಇನ್ನು ನಮ್ಮವರ ವಿಷಯ. ಉದ್ಯೋಗದ ಅಥವಾ ವಿದ್ಯಾಭ್ಯಾಸದ ವೀಸಾದ ಮೇಲೆ ಇರುವವರು ಅಲ್ಲಿ ಬಂದೂಕು ಕೊಳ್ಳುವುದೂ ಇಟ್ಟುಕೊಳ್ಳುವುದೂ ಸಾಮಾನ್ಯವಾಗಿ ಅಪರಾಧ. ಅಲ್ಲಿನ ಬೇಟೆ ಪರವಾನಗಿ ಪಡೆದವರು ಮುಂತಾಗಿ ಕೆಲವರಿಗಷ್ಟೇ ವಿನಾಯಿತಿ. ಸ್ನೇಹಿತನ ಹೆಸರಿನಲ್ಲಿ ಕೊಳ್ಳುವುದಂತೂ ಇನ್ನೂ ಕೆಟ್ಟದ್ದು. ಅಂಗಡಿಯಲ್ಲಿ ತುಂಬುವ ನಮೂನೆಯಲ್ಲಿ ನಿಜವಾದ ಖರೀದಿದಾರ ನೀನೇನೋ ಎಂಬ ಪ್ರಶ್ನೆಯೇ ಇದೆ. ಸುಳ್ಳು ಬರೆದರೆ ಸ್ನೇಹಿತನಿಗೆ ಸೆರೆಮನೆ, ಮಗನ ವೀಸಾಕ್ಕೂ ಸಂಚಕಾರ.

ನ್ಯಾಯವಾಗಿಯೇ ಕೊಂಡರೆಂದು ಇಟ್ಟುಕೊಳ್ಳೋಣ. ಗಡಿ ದಾಟುವ ಬಂದೂಕಿಗೆ ಹೊರಡುವ ದೇಶದ ಒಪ್ಪಿಗೆಯೂ ಬೇಕು, ಒಳಬರುವ ದೇಶದ ಒಪ್ಪಿಗೆಯೂ ಬೇಕು. ಒಂದಿದ್ದರೆ ಇನ್ನೊಂದು ತಾನಾಗಿ ಸಿಗುವುದಿಲ್ಲ. ನಮ್ಮಲ್ಲಿ .303 ಮತ್ತು 7.62 ಮಿ.ಮೀ. ರೈಫಲ್ಲುಗಳು ನಿಷಿದ್ಧ ಬೋರಿನವು. ಸೇನೆಯ ಗುಂಡು ಖಾಸಗಿ ಕೋವಿಗೆ ಹೊಂದಬಾರದೆಂಬುದು ಇದರ ಹಿಂದಿನ ತತ್ವ. ಇವುಗಳ ಪರವಾನಗಿ ಜಿಲ್ಲಾಧಿಕಾರಿಗಳ ಕೈಯಲ್ಲಿಲ್ಲ, ಕೇಂದ್ರ ಸರ್ಕಾರದ ಕೈಯಲ್ಲಿದೆ. ಪರವಾನಗಿ ಇಲ್ಲದೆ ಇಟ್ಟುಕೊಂಡವರಿಗೆ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ 7 ವರ್ಷ ಸಜೆ. ಅದೇ ತಿದ್ದುಪಡಿ, ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಿತು. ತೋಟದ ಜೋಡುನಳಿಗೆಯ ಕೋವಿಗೆ ಇರುವ ಪರವಾನಗಿ ಇದಕ್ಕೆ ಒದಗುವುದಿಲ್ಲ.

ಕೊಡಗಿನ ನೆಂಟರು ಒಂದು ಮಾತು ಕೇಳಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿಯ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಲಾಗಿದೆ, ನಿಜ. ಮನೆಯಲ್ಲಿ ಕೋವಿ ಇಡುವ ಆ ವಿನಾಯಿತಿಯನ್ನು ಕಡಲಾಚೆಯಿಂದ ಸೇನಾ ರೈಫಲ್ಲು ತರುವ ಅಪ್ಪಣೆಯೆಂದು ಯಾರೂ ಓದಿಕೊಳ್ಳಬಾರದು.

ಇಷ್ಟನ್ನೂ ಸದಸ್ಯರಿಗೆ ತಿಳಿಸಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಯ್ಯನೂ ಯುದ್ಧ ಮುಗಿದ ಮೇಲೆ ಅದನ್ನು ಒಪ್ಪಿಸಿಯೇ ಮನೆಗೆ ಬಂದದ್ದು" ಎಂದರು. ನಮ್ಮ ಎದುರಿನಲ್ಲೇ ಮಗನಿಗೆ ಫೋನು ಮಾಡಿ, ಮುಂಗಡ ಕೊಡಬೇಡ, ಒಳ್ಳೆಯ ಚಿತ್ರವೊಂದನ್ನು ತೆಗೆದು ಕಳಿಸು ಎಂದು ಹೇಳಿದರು. ಅದಕ್ಕೆ ಕಟ್ಟು ಹಾಕಿಸಿ ಅಪ್ಪಯ್ಯನ ಭಾವಚಿತ್ರದ ಪಕ್ಕದಲ್ಲಿ ತೂಗುಹಾಕುತ್ತಾರಂತೆ.

ಮಕ್ಕಳು ಹೊರದೇಶದಲ್ಲಿರುವ ಸದಸ್ಯರು ಈ ವಿಷಯವನ್ನು ಅವರಿಗೆ ಈಗಲೇ ತಿಳಿಸಬೇಕಾಗಿ ವಿನಂತಿ. ಸಂಶಯವಿದ್ದವರು ಹಣ ಕಳಿಸುವ ಮುನ್ನ ವಕೀಲರನ್ನಾಗಲಿ ಜಿಲ್ಲಾಧಿಕಾರಿಗಳ ಕಚೇರಿಯನ್ನಾಗಲಿ ವಿಚಾರಿಸುವುದು ಒಳ್ಳೆಯದು. ಹಾಗೆಯೇ ತೋಟದ ಕೋವಿಯ ಪರವಾನಗಿ ಯಾವಾಗ ಮುಗಿಯುತ್ತದೆಂದು ಇಂದೇ ಪೆಟ್ಟಿಗೆ ತೆಗೆದು ನೋಡಿಕೊಳ್ಳಿರಿ.