ಗ್ರಾಫೈಟಿಗೆ ಮಣ್ಣು ಬೆರೆಸಿದ ಚಿತ್ರಗಾರ

ಭಾವಚಿತ್ರ ಕಲಿಯುವವರ ಡಬ್ಬಿಯಲ್ಲಿ ಒಂದೇ ಪೆನ್ಸಿಲ್ ಇರುವುದಿಲ್ಲ. ಮುಖದ ಅಳತೆ ಹಾಕಿಕೊಳ್ಳಲು 2ಎಚ್, ಕೆನ್ನೆಯ ನೆರಳಿಗೆ 2ಬಿ, ಕೂದಲಿಗೂ ಕಣ್ಣಿನ ಪಾಪೆಗೂ 6ಬಿ. ಒಳಗಿರುವುದು ಎಲ್ಲದರಲ್ಲೂ ಗ್ರಾಫೈಟೇ. ಅದಕ್ಕೆ ಬೆರೆಸಿದ ಜೇಡಿಮಣ್ಣಿನ ಪಾಲು ಮಾತ್ರ ಬೇರೆ. ಈ ಕಲಬೆರಕೆಗೆ ಕಾರಣವಾದದ್ದು ಒಂದು ಯುದ್ಧ.

18ನೇ ಶತಮಾನದಲ್ಲಿ ಒಳ್ಳೆಯ ಪೆನ್ಸಿಲ್ ಬೇಕೆಂದರೆ ಇಂಗ್ಲೆಂಡಿನ ಬೊರೋಡೇಲ್ ಕಣಿವೆಯ ಗ್ರಾಫೈಟೇ ಆಗಬೇಕಿತ್ತು. ಅದು ಎಷ್ಟು ಶುದ್ಧವೆಂದರೆ ಗರಗಸದಲ್ಲಿ ಕಡ್ಡಿಗಳಾಗಿ ಕೊಯ್ದು ಮರದೊಳಗೆ ಕೂರಿಸಿದರೆ ಮುಗಿಯಿತು. 1793ರಲ್ಲಿ ಬ್ರಿಟನ್ನಿನೊಡನೆ ಯುದ್ಧ ಹತ್ತಿಕೊಂಡಾಗ ಫ್ರಾನ್ಸಿಗೆ ಆ ಸರಕು ಬರುವುದು ನಿಂತಿತು. ಸೇನೆಯ ಹೊಣೆ ಹೊತ್ತಿದ್ದ ಲಾಜಾರ್ ಕಾರ್ನೋ, ಬದಲಿ ದಾರಿ ಹುಡುಕುವಂತೆ ನಿಕೋಲಾ-ಜಾಕ್ ಕಾಂಟೆಗೆ ಹೇಳಿದ.

ಕಾಂಟೆಯನ್ನು ಪುಸ್ತಕಗಳು ಎಂಜಿನಿಯರ್, ಬಲೂನು ತಜ್ಞ ಎಂದು ಪರಿಚಯಿಸುತ್ತವೆ. ಸುಳ್ಳೇನಲ್ಲ, ಜಲಜನಕದ ಪ್ರಯೋಗವೊಂದು ಸಿಡಿದು ಅವನ ಎಡಗಣ್ಣನ್ನೇ ತೆಗೆದಿತ್ತು. ಆದರೆ 1755ರಲ್ಲಿ ನಾರ್ಮಂಡಿಯಲ್ಲಿ ಹುಟ್ಟಿದ ಈ ಮನುಷ್ಯ ಅದಕ್ಕೂ ಮೊದಲು ಭಾವಚಿತ್ರ ಬರೆದು ಸಂಪಾದಿಸುತ್ತಿದ್ದವನು. ನನಗೆ ಮುಖ್ಯವೆನಿಸುವುದು ಇದೇ.

ಕೆಲವೇ ದಿನಗಳಲ್ಲಿ ಉತ್ತರ ಕಂಡುಕೊಂಡನಂತೆ. ಅಷ್ಟು ಸಲೀಸಾಗಿತ್ತೇ ಎಂಬ ಅನುಮಾನ ನನಗುಂಟು. ವಿಧಾನವೇನೋ ಸರಳ: ಕೀಳು ದರ್ಜೆಯ ಗ್ರಾಫೈಟನ್ನು ಪುಡಿಮಾಡಿ, ಜೇಡಿಮಣ್ಣು ನೀರು ಸೇರಿಸಿ ಹಿಟ್ಟಿನಂತೆ ನಾದಿ, ಕಡ್ಡಿ ಮಾಡಿ ಒಣಗಿಸಿ ಭಟ್ಟಿಯಲ್ಲಿ ಸುಡುವುದು. 1795ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಬರದ ಕಾಲದ ಈ ಉಪಾಯದಲ್ಲಿ ಬೊರೋಡೇಲ್‌ಗೆ ಇರದಿದ್ದ ಗುಣವೊಂದಿತ್ತು. ಗಣಿಯ ಗಟ್ಟಿ ಎಷ್ಟು ಕಪ್ಪು ಕೊಟ್ಟರೆ ಅಷ್ಟೇ. ಇಲ್ಲಿ ಮಣ್ಣು ಹೆಚ್ಚಿಸಿದರೆ ಗೆರೆ ಗಡುಸಾಗಿ ತೆಳುವಾಗುತ್ತದೆ, ಕಡಿಮೆ ಮಾಡಿದರೆ ಮೆದುವಾಗಿ ಕಪ್ಪಾಗುತ್ತದೆ. ಸೇನೆಗೆ ಬರೆಯುವ ಕಡ್ಡಿಯೊಂದಿದ್ದರೆ ಸಾಕಿತ್ತು. ಈ ಏರಿಳಿತದ ಬೆಲೆ ರೆಪ್ಪೆ, ಮೂಗಿನ ಪಕ್ಕದ ನೆರಳು, ತುಟಿಯಂಚು ಬರೆದು ಪಳಗಿದ ಕೈಗೆ ತಟ್ಟನೆ ಹೊಳೆದಿರಬೇಕು. ಇದು ನನ್ನ ಊಹೆ, ದಾಖಲೆಯಲ್ಲ. ಎಚ್, ಬಿ ಅಕ್ಷರಗಳು ಬಂದದ್ದು ಆಮೇಲೆ.

ಅವನ ಹೆಸರು ಇನ್ನೊಂದು ಸಾಮಗ್ರಿಗೂ ಅಂಟಿಕೊಂಡಿತು: ವರ್ಣದ್ರವ್ಯಕ್ಕೆ ಜೇಡಿಮಣ್ಣು ಸೇರಿಸಿ ಒತ್ತಿದ ಚೌಕಾಕಾರದ ಕಾಂಟೆ ಕಡ್ಡಿ. ಕಪ್ಪು, ಕಂದು, ಕಾವಿಗೆಂಪು, ಬಿಳಿ. 1882–83ರಲ್ಲಿ ಚಿತ್ರಗಾರ ಜಾರ್ಜ್ ಸರಾ ತನ್ನ ಗೆಳೆಯ ಅಮಾಂ-ಜಾನ್‌ನ ಭಾವಚಿತ್ರವನ್ನು ಈ ಕಡ್ಡಿಯಲ್ಲೇ ಬರೆದ. ಕಾಗದದ ಉಬ್ಬುಗಳನ್ನು ಕಪ್ಪು ಹಿಡಿಯುತ್ತದೆ, ತಗ್ಗುಗಳಲ್ಲಿ ಬಿಳಿ ಉಳಿಯುತ್ತದೆ. ಹೊರಗೆರೆಯ ಹಂಗಿಲ್ಲದೆ ಮುಖ ಮೂಡುತ್ತದೆ. ಮುಂದೆ ಕೆಲವು ಚಿತ್ರಗಳಲ್ಲಿ ಅವನು ಕಾಂಟೆಯ ಜೊತೆ ಬಿಳಿ ಗುವಾಶ್ ಬಣ್ಣವನ್ನೂ ಬಳಸಿದ.

ಮಿಶ್ರಮಾಧ್ಯಮದಲ್ಲಿ ಮುಖ ಬರೆಯುವವರು ಪೆನ್ಸಿಲ್, ಕಾಂಟೆ ಎರಡನ್ನೂ ಒಂದೇ ಹಾಳೆಗೆ ತಂದಾಗ ಕ್ರಮ ನೋಡಿಕೊಳ್ಳಬೇಕು. ಮೆದು ಪೆನ್ಸಿಲನ್ನು ಒತ್ತಿ ತುಂಬಿದ ಜಾಗ ಹೊಳೆಯುತ್ತದೆ, ಜಾರುತ್ತದೆ. ಅದರ ಮೇಲೆ ಕಾಂಟೆ ಸರಿಯಾಗಿ ಹಿಡಿಯುವುದಿಲ್ಲ. ಗಡುಸು ಪೆನ್ಸಿಲ್ಲಿನ ತೆಳು ಗೆರೆ, ಅದರ ಮೇಲೆ ಜಲವರ್ಣ, ಚೆನ್ನಾಗಿ ಒಣಗಿದ ಮೇಲೆ ಕಾಂಟೆ. ಬಣ್ಣ ಬಿದ್ದ ಮೇಲೆ ಅಡಿಯ ಗೆರೆಯನ್ನು ರಬ್ಬರಿನಲ್ಲಿ ಅಳಿಸುವುದು ಕಷ್ಟ, ಆದ್ದರಿಂದ ಮೂಗು ಸೊಟ್ಟಗಿದ್ದರೆ ಮೊದಲೇ ತಿದ್ದಿಕೊಳ್ಳಬೇಕು.